ಹಿಂದಕ್ಕೆ ಓಡಿದ ಕುದುರೆ

ಹೊಗೆಸೊಪ್ಪು ಬೇಯುವ ವಾಸನೆ ಬಂದರೆ ಈಗಲೂ ಪಿರಿಯಾಪಟ್ಟಣದ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವವರಿಗೆ ಬೇಸರವಾಗದಿರಲೆಂದು ಚಿಕ್ಕಪ್ಪ ಬಾಡಿಗೆ ವಿಸಿಆರ್ ತಂದು ಇಟಲಿಯವರ ಯಾವುದೋ ಕೌಬಾಯ್ ಸಿನಿಮಾ ಹಾಕಿದ್ದ. ಅದರ ಮಾತು ಯಾರಿಗೂ ತಿಳಿಯಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

“ಕರಿ ಟೋಪಿಯವ್ನೇ ಹೀರೊ ಕಣವ್ವ,” ಎಂದ ಚಿಕ್ಕಪ್ಪ.

“ಕುದ್ರೆಗೆ ಕುಡಿಸ್ದೆ ತಾನೇ ನೀರ್ ಕುಡ್ದ. ಅವ್ನೆಂಥ ಹೀರೊ, ಬುಡ್ಲಾ!” ಅಜ್ಜಿ ಸೊಪ್ಪಿನ ಅಂಟು ಹತ್ತಿದ ಕೈ ಆಡಿಸಿದಳು. ಕುದುರೆಗೆ ಮೊದಲು ನೀರಿಟ್ಟ ಗಡ್ಡದವನೇ ಅವಳ ಹೀರೊ.

ಕೊನೆಯಲ್ಲಿ ಗಡ್ಡದವನು ಗುಂಡು ತಗುಲಿ ಸತ್ತ.

“ಇಂದಕ್ಕೆ ಓಡ್ಸ್ಲಾ!” ಎಂದಳು ಅಜ್ಜಿ.

ಚಿಕ್ಕಪ್ಪ ರಿವೈಂಡ್ ಒತ್ತಿದ. ಸತ್ತವನು ಎದ್ದು ಕುದುರೆ ಹತ್ತಿದ. ಕುದುರೆ ಹಿಂದುಹಿಂದಕ್ಕೆ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುದುರೆ ಅವನು ನೀರು ಕುಡಿಸಿದ್ದ ತೊಟ್ಟಿಯ ಬಳಿ ಬಂದಾಗ ಅಜ್ಜಿ ಕೈ ಎತ್ತಿದಳು.

“ಈಗ ಆರ್ಸ್ಲಾ. ಸಿನ್ಮಾ ಚಂದಾಗದೆ.”