ನಾಲ್ಕನೆಯ ಸಹಿ

ಮೂರು ಸಹಿ ಬಿದ್ದಾಗಿತ್ತು. ನಾಲ್ಕನೆಯ ಸಹಿ ಊಟಕ್ಕೆ ಹೋಗಿತ್ತು.

ಪಶುಸಂಗೋಪನೆ ಇಲಾಖೆಯ ಹೊರಕೋಣೆಯಲ್ಲಿ ಸಮನ್ವಯಾಧಿಕಾರಿಯಮ್ಮ ತಡೆಯಾಜ್ಞೆಯ ಹಾಳೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ಪ್ರಯೋಗಾಲಯದ ಮುಖ್ಯಸ್ಥರು, ಬಿಳಿ ಕೋಟು ಬಿಚ್ಚಲೂ ಪುರಸೊತ್ತಿಲ್ಲದೆ ಓಡಿಬಂದವರು. ಮಕ್ಕಳ ಆಸ್ಪತ್ರೆಗಳಿಗೆ ಹೋಗುವ ಹಾಲಿನ ಪುಡಿಯಲ್ಲಿ ವಾಂತಿಭೇದಿಯ ಕ್ರಿಮಿ ಸಿಕ್ಕಿತ್ತು. ಎರಡು ಆಸ್ಪತ್ರೆಗಳಲ್ಲಿ ಹದಿನೇಳು ಮಕ್ಕಳು ಹಾಸಿಗೆ ಹಿಡಿದಿದ್ದರು. ಅದೇ ಬ್ಯಾಚಿನ ಉಳಿದ ಚೀಲಗಳು ಮೂರು ಗಂಟೆಯ ಲಾರಿಗಳಲ್ಲಿ ದೇಶದ ಉದ್ದಗಲಕ್ಕೂ ಹೊರಡಲಿದ್ದವು. ಗೋಡೆಯ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

ನಾಲ್ಕು ಸಹಿಯ ಆ ಹಾಳೆ ಅಧಿಕಾರಿಯಮ್ಮನದೇ ಕೂಸು. ಹಾಲು ಕೆಚ್ಚಲಲ್ಲಿರುವವರೆಗೆ ಒಂದು ಇಲಾಖೆಯದು, ಪುಡಿಯಾದರೆ ಇನ್ನೊಂದರದು, ಲಾರಿ ಹತ್ತಿದರೆ ಮತ್ತೊಂದರದು, ಹೊಟ್ಟೆ ಸೇರಿ ಕೆಟ್ಟರೆ ಮಾತ್ರ ಆರೋಗ್ಯದವರದು. ಯಾರನ್ನು ಕೇಳಿದರೂ ಪಕ್ಕದ ಬಾಗಿಲು ತೋರಿಸುತ್ತಿದ್ದರು. ಅವರನ್ನೆಲ್ಲ ಒಂದೇ ಮೇಜಿಗೆ ತರಲು ಈಕೆಗೆ ಆರು ವರ್ಷ ಹಿಡಿದಿತ್ತು. ‘ನಿನ್ನದು ಕಪ್ಪೆ ತೂಗೋ ಕೆಲಸ ಕಣೇ, ಒಂದನ್ನ ಕೂರಿಸೋಷ್ಟರಲ್ಲಿ ಇನ್ನೊಂದು ಹಾರಿರುತ್ತೆ’ ಎಂದು ಅತ್ತೆ ನಗುತ್ತಿದ್ದರು. ಕೊನೆಗೂ ನಿಯಮ ಬಂತು: ತಡೆಯಾಜ್ಞೆಗೆ ನಾಲ್ವರೂ ಒಂದೇ ಹಾಳೆಯಲ್ಲಿ ಸಹಿ ಹಾಕಬೇಕು, ಆಮೇಲೆ ಯಾರೂ ಜಾರಿಕೊಳ್ಳುವಂತಿಲ್ಲ. ಅಂದು ಆಕೆ ಕಚೇರಿಗೆಲ್ಲ ಸಿಹಿ ಹಂಚಿದ್ದರು.

ಉಪನಿರ್ದೇಶಕರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಬಂದಾಗ ಎರಡೂವರೆ. ನಿಂತೇ ಹಾಳೆ ಓದಿದರು.

“ಇದು ಪುಡಿ ಮೇಡಂ. ನಮ್ಮದು ಹಸು.”

“ಹಸು ಇಲ್ದೆ ಪುಡಿ ಆಕಾಶದಿಂದ ಉದುರ್ತಾ ಸಾರ್?”

“ಅದು ಸರಿ. ಆದ್ರೆ ನಾನು ಸಹಿ ಹಾಕಿದ್ರೆ ನಮ್ಮ ಹಸುಗಳಿಗೇ ಕಾಯಿಲೆ ಅಂತ ಒಪ್ಕೊಂಡ ಹಾಗಾಗಲ್ವಾ? ಹಾಲು ಹಾಕೋರೆಲ್ಲ ನಾಳೆ ನನ್ನ ಬಾಗಿಲಿಗೆ ಬರ್ತಾರೆ. ನಿರ್ದೇಶಕರು ಪ್ರವಾಸದಲ್ಲಿದ್ದಾರೆ, ಫೋನಿಗೂ ಸಿಗ್ತಿಲ್ಲ. ಸೋಮವಾರ ಕೇಳಿ ಹೇಳ್ತೀನಿ.”

“ಸೋಮವಾರದ ತನಕ ಆ ಮಕ್ಕಳು ಹಾಲು ಕುಡೀದೆ ಇರ್ತಾವಾ?”

ಉಪನಿರ್ದೇಶಕರು ತಲೆ ತಗ್ಗಿಸಿದರು. “ನಾನೇನು ಮಾಡ್ಲಿ ಹೇಳಿ. ನಿಯಮ ಮಾಡಿದೋರು ನೀವೇ ಅಲ್ವಾ ಮೇಡಂ?”

ಮಾತಿನಲ್ಲಿ ಕುಹಕವಿರಲಿಲ್ಲ; ಅದಕ್ಕೇ ಅದು ಹೆಚ್ಚು ಚುಚ್ಚಿತು. ಆರು ವರ್ಷ ಕೂತು ಕಟ್ಟಿದ ಬೇಲಿ ಕಣ್ಣೆದುರೇ ಎದ್ದು ಹೊಲ ಮೇಯುತ್ತಿತ್ತು. ಅಧಿಕಾರಿಯಮ್ಮ ಹಾಳೆ ತೆಗೆದುಕೊಂಡು ಮೊಗಸಾಲೆಗೆ ಬಂದರು. ಕಿಟಕಿಯ ಕಟ್ಟೆಯ ಮೇಲೆ ಅದನ್ನು ಹರವಿ, ಪೆನ್ನು ತೆರೆದು, ಹಿಂದೆಯೇ ಬಂದ ಮುಖ್ಯಸ್ಥರತ್ತ ತಿರುಗಿದರು.

“ನಿಮ್ಮ ವರದಿ ತಪ್ಪಿರೋಕೆ ಸಾಧ್ಯ ಇದೆಯಾ?”

“ಎರಡು ಸಲ ನೋಡಿದ್ದೀನಿ ಮೇಡಂ. ಮೂರನೇ ಸಲ ನನ್ನ ಕೈ ನಂಬದೆ ಬೇರೆಯವರ ಕೈಲಿ ಮಾಡಿಸಿದ್ದೀನಿ.”

ಆಕೆ ನಾಲ್ಕನೆಯ ಚೌಕದಲ್ಲಿ ತಮ್ಮದೇ ಹೆಸರು ಬರೆದು, ತಮ್ಮದೇ ಸಹಿ ಹಾಕಿದರು.

“ಇದು ನಿಮ್ಮ ಜಾಗ ಅಲ್ಲ,” ಮುಖ್ಯಸ್ಥರ ದನಿ ಇಳಿದಿತ್ತು. “ಕೆಲಸಕ್ಕೆ ಕುತ್ತು ಬರುತ್ತೆ.”

“ಬರ್ಲಿ. ನೀವು ಮೊದಲು ಇದನ್ನ ಗೋದಾಮಿಗೆ ಕಳಿಸಿ.”

ಮೂರಕ್ಕೆ ಆರು ನಿಮಿಷ ಇರುವಾಗ ಗೋದಾಮಿನ ಗೇಟು ಮುಚ್ಚಿತು. ಲಾರಿಗಳು ಹೊರಡಲಿಲ್ಲ. ಯಾವ ಅಧಿಕಾರದಿಂದ ಸಹಿ ಹಾಕಿದಿರಿ ಎಂದು ಕೇಳುವ ನೋಟಿಸು ಸಂಜೆ ಐದಕ್ಕೇ ಅಧಿಕಾರಿಯಮ್ಮನ ಮೇಜು ತಲುಪಿತು. ಊಟಕ್ಕೆ ಹೋದ ಸಹಿಗಿಂತ ಅದರ ಕಾಲು ಚುರುಕಾಗಿತ್ತು. ಆಕೆ ಅದನ್ನು ಪಕ್ಕಕ್ಕೆ ಸರಿಸಿ ಫೋನು ಎತ್ತಿಕೊಂಡರು. ಈ ಬ್ಯಾಚಿನ ಚೀಲಗಳು ಮೊದಲೇ ತಲುಪಿದ್ದ ಆಸ್ಪತ್ರೆಗಳು ಹನ್ನೊಂದು. ಎಲ್ಲ ಕಡೆಗೂ ತಾವೇ ಕರೆ ಮಾಡತೊಡಗಿದರು.

ಹತ್ತು ಕಡೆ ಸುದ್ದಿ ಮುಟ್ಟಿತು. ಹನ್ನೊಂದನೆಯದು ಗಡಿಯ ಹತ್ತಿರದ ಸಣ್ಣ ಆಸ್ಪತ್ರೆ. ಕಚೇರಿಯಲ್ಲಿ ಯಾರೂ ಎತ್ತದೆ, ಕರೆ ಅಡುಗೆಮನೆಗೆ ಹೋಯಿತು. ಎತ್ತಿದಾಕೆ ಅಡುಗೆಯವಳು.

“ಅಕ್ಕಾ, ಹಾಲಿನ ಪುಡಿಯ ಹೊಸ ಚೀಲ ಬಂದಿದೆಯಾ? ಬಂದಿದ್ರೆ ಯಾವ ಮಗುಗೂ ಕೊಡಬೇಡಿ.”

“ಕೊಟ್ಟಿಲ್ಲಮ್ಮ. ಮೂಲೇಲಿ ಕಟ್ಟಿಟ್ಟಿದ್ದೀನಿ. ಬಾಯಿ ಬಿಚ್ಚಿದ್ರೆ ತೇವ ಹಿಡಿದು ಗಂಟುಗಂಟಾಗಿತ್ತು. ಕೂಸುಗಳಿಗೆ ಕಲಸಿಕೊಡೋಕೆ ಮನಸ್ಸು ಒಪ್ಪಲಿಲ್ಲ. ಹಳೇ ಚೀಲದ್ರಲ್ಲೇ ತೂಗಿಸ್ತಿದ್ದೀನಿ.”

ಬೆಳಗಿನಿಂದ ಮೊದಲ ಸಲ ಅಧಿಕಾರಿಯಮ್ಮ ಕುರ್ಚಿಗೆ ಬೆನ್ನು ಕೊಟ್ಟರು. “ಪುಣ್ಯ ಕಟ್ಕೊಂಡ್ರಿ ಅಕ್ಕಾ. ಇವತ್ತು ಬಂತಾ ಚೀಲ?”

“ಇವತ್ತಾ? ಮೂರು ವಾರ ಆಯ್ತಲ್ಲ.”

ಬೆನ್ನು ತಾನಾಗಿ ನೆಟ್ಟಗಾಯಿತು. ಹದಿನೇಳು ಮಕ್ಕಳಲ್ಲಿ ಮೊದಲನೆಯದು ಆಸ್ಪತ್ರೆಯ ಹಾಸಿಗೆ ಸೇರಿ ಇನ್ನೂ ಹನ್ನೆರಡು ದಿನವಾಗಿತ್ತಷ್ಟೇ.

“ಮೂರು ವಾರ! ಒಂದು ಮಾತು ಯಾರಿಗಾದ್ರೂ ಹೇಳಬಾರದಿತ್ತಾ?”

ಆ ಕಡೆ ನಲ್ಲಿ ನೀರು ಬೀಳುವ ಸದ್ದು ನಿಂತಿತು.

“ಹೇಳೋಣ ಅಂದ್ಕೊಂಡೆ ಕಣಮ್ಮ. ಆದ್ರೆ ಚೀಲದ ಮೇಲೆ ಮುದ್ರೆ ಪಕ್ಕ ಮುದ್ರೆ ಹೊಡೆದಿದ್ರು. ಅಷ್ಟೊಂದು ಜನ ದೊಡ್ಡೋರು ನೋಡಿ ಒಪ್ಪಿದ್ಮೇಲೆ, ನನ್ನ ಕಣ್ಣೇ ಸರಿ ಇಲ್ವೇನೋ ಅಂತ ಸುಮ್ಮನಾದೆ.”