ಟ್ರಾಮ್ ನಿಲ್ದಾಣದಲ್ಲಿ ಗದಗಿನವನು

ಪ್ರವಾಸದ ಮೂರನೆಯ ದಿನ, ವಿಯೆನ್ನಾದ ಟ್ರಾಮ್ ನಿಲ್ದಾಣದಲ್ಲಿ ಯಾರೋ ಫೋನಿನಲ್ಲಿ, "ಊಟಾ ಆತೇನು ನಿಂದು?" ಎಂದಿದ್ದೇ ತಡ, ವಾರಿಜಾ ಗಂಡನ ಕೈ ಬಿಟ್ಟು ತಿರುಗಿದಳು.

"ಯಾವೂರ್ರೀ ನಿಮ್ದು?"

"ಗದಗ ರೀ," ಎಂದ ಆತ, ಫೋನು ಕಿಸೆಗಿಟ್ಟು.

"ಅಯ್ಯ, ನಾನೂ ಓದಿದ್ದು ಗದಗಿನಾಗರೀ. ತವರಮನಿ ಹುಬ್ಬಳ್ಳಿ."

ಆಮೇಲೆ ಮಾತು ನಿಲ್ಲಲೇ ಇಲ್ಲ. ಇಬ್ಬರದೂ ಒಂದೇ ಕಾಲೇಜು. ಇಂಗ್ಲಿಷ್ ಮಾಸ್ತರರು ಸೈಕಲ್ ಸಮೇತ ಗಟಾರಕ್ಕೆ ಬಿದ್ದ ಕಥೆ ಇಬ್ಬರಿಗೂ ಗೊತ್ತಿತ್ತು. ವಾರಿಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವರು ಹತ್ತಬೇಕಿದ್ದ ಟ್ರಾಮ್ ಬಂದು ಹೋಯಿತು. ಮತ್ತೊಂದೂ ಹೋಯಿತು.

ಶ್ರೀಕಂಠ ಪಕ್ಕದಲ್ಲಿ ನಿಂತೇ ಇದ್ದ. ಹನ್ನೊಂದು ವರ್ಷ ಜೊತೆಗೆ ಸಂಸಾರ ಮಾಡಿದವಳು ಇಷ್ಟು ಜೋರಾಗಿ ನಗಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ಮೈಸೂರಿನ ಅವನ ಮನೆಯಲ್ಲಿ ಅವಳು ಅಳೆದು ತೂಗಿ, ಥೇಟ್ ಮೈಸೂರಿನವಳ ಹಾಗೆ ಮಾತಾಡುತ್ತಿದ್ದಳು. ಹೆಸರೂ ಗೊತ್ತಿಲ್ಲದ ಈ ಮನುಷ್ಯನಿಗೆ ಐದು ನಿಮಿಷದಲ್ಲಿ ಸಿಕ್ಕಿದ ಹೆಂಡತಿ ತನಗೆ ಇಷ್ಟು ದಿನವಾದರೂ ಸಿಕ್ಕಿಲ್ಲವಲ್ಲ ಎಂದು ಅವನ ಹೊಟ್ಟೆ ಉರಿಯಿತು.

ಮೂರನೆಯ ಟ್ರಾಮ್ ಹತ್ತಿ ಕೂತ ಮೇಲೆ ಕೇಳಿಯೇಬಿಟ್ಟ.

"ನನ್ನ ಜೊತೆ ಒಂದು ದಿನಾನೂ ಹಾಗೆ ಮಾತಾಡಲಿಲ್ವಲ್ಲ ನೀನು?"

ವಾರಿಜಾ ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು:

"ಮದುವೆಯಾದ ಹೊಸದರಲ್ಲಿ ಹಾಗೇ ಮಾತಾಡ್ತಿದ್ದೆ. ನೀವು ನಿಮ್ಮ ಅಕ್ಕಂದಿರನ್ನೆಲ್ಲ ಕರೆದು, 'ಇನ್ನೊಂದ್ಸಲ ಹೇಳು, ಇವರೂ ನಗಲಿ' ಅಂತಿದ್ರಿ."