ಮೈಕಿಲ್ಲದ ಹಾಡು

ಹಾಡಿನ ನಡುವೆಯೇ ಮೈಕು ಕೆಟ್ಟುಹೋಯಿತು. ಬೋಳಾರದ ಮದುವೆ ಚಪ್ಪರದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೋಸ್ನಿಯಾದ ನಾವಿಕ ಸಫೇತ್ ಗಿಟಾರ್ ಕೆಳಗಿಳಿಸಿದ. ಅವನ ಊರಿನ ರೇಡಿಯೋದವರೂ ಹೀಗೇ ನಕ್ಕಿದ್ದರು. "ಒಡಕು ಸ್ವರ" ಎಂದಿದ್ದರು. ಆ ಬೇಸರಕ್ಕೇ ಹಾಡು ಬಿಟ್ಟು ಹಡಗು ಹತ್ತಿದವನನ್ನು, ತನ್ನ ತಂಗಿಯ ಮದುವೆಗೆ ಒಂದಾದರೂ ಹಾಡಬೇಕೆಂದು ಬಂದರಿನ ಗೆಳೆಯ ಕಬೀರ್ ಎಳೆದು ತಂದಿದ್ದ.

ಮದುಮಗಳ ಅಜ್ಜಿ ಬೀಫಾತಿಮ್ಮ ಬಾಗಿಲ ಬಳಿಯಿಂದ ಎದ್ದು ಬಂದರು. "ಎಂತ ಕಬೀರಾ, ಯಾಕೆ ನಿಲ್ಲಿಸಿದ?"

"ಮೈಕ್ ಹಾಳಾಯ್ತು."

"ಹಾಳಾದ್ರೆ ಆಗ್ಲಿ ಮಾರಾಯ, ಅವನ ಸ್ವರ ಉಂಟಲ್ಲ! ಅಡುಗೆಮನೆಯವರಿಗೂ ಕೇಳ್ಬೇಕು, ಗಟ್ಟಿಯಾಗಿ ಹಾಡ್ಲಿಕ್ಕೆ ಹೇಳು." ಅವರು ಸ್ಟೂಲು ಎಳೆದುಕೊಂಡು ಅವನ ಎದುರಿಗೇ ಕೂತರು.

ಕಬೀರ್ ಹರಕು ಇಂಗ್ಲಿಷಿನಲ್ಲಿ ತಿಳಿಸಿದ. ಸಫೇತ್ ಕಣ್ಣು ಮುಚ್ಚಿ, ತಾಯಿ ಹೇಳಿಕೊಟ್ಟ ಹಾಡನ್ನು ಎದೆ ಬಿಚ್ಚಿ ಎತ್ತಿಕೊಂಡ. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಯಾರೂ ನಗಲಿಲ್ಲ. ಕಣ್ಣು ಬಿಟ್ಟಾಗ ಅಡುಗೆಮನೆಯ ಹೆಂಗಸರು ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದರು. ಬೀಫಾತಿಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದು ಉಂಟಾ ಮಗಾ?" ಎಂದರು.

ಊಟಕ್ಕೆ ಕೂತಾಗ ಕಬೀರ್ ಕೇಳಿದ: "ನಾಳೆ ಹಡಗು ಹೊರಡ್ತದಲ್ಲ, ಮುಂದೆ ಯಾವ ಬಂದರು?"

"ಮನೆಗೆ ಹೋಗ್ತೇನೆ," ಎಂದ ಸಫೇತ್. "ಹಾಡ್ಲಿಕ್ಕೆ."